ಜರ್ಮನಿಯ ಪಾಸು: ಎಷ್ಟು ಸಲ ಓಡಾಡಿದ್ರೆ ಲಾಭ?

ಜರ್ಮನಿಯಲ್ಲಿದ್ದೀರಾ?
ಡಾಯ್ಚ್‌ಲಾಂಡ್ ಟಿಕೆಟ್ ಅನ್ನೋ ತಿಂಗಳ ಪಾಸು ತಗೊಂಡ್ರೆ ಲಾಭನಾ, ನಷ್ಟನಾ?

2026ರ ಜನವರಿಯಿಂದ ತಿಂಗಳಿಗೆ 63 ಯೂರೋ.
ಬಸ್ಸು, ಟ್ರಾಮು, ಲೋಕಲ್ ರೈಲು,
ಎಷ್ಟು ಸಲ ಬೇಕಾದ್ರೂ ಹತ್ತಿ.

ಬಿಡಿ ಟಿಕೆಟ್ 4 ಯೂರೋ ಅಂತಿಟ್ಕೊಳ್ಳಿ.
ತಿಂಗಳಿಗೆ ಎಷ್ಟು ಸಲ ಓಡಾಡ್ತೀರೋ, ಅದು ಎಕ್ಸ್.

ಈಗ ನಕ್ಷೆ ಬರೀರಿ.
ಬಿಡಿ ಟಿಕೆಟ್ಟಿನ ಗೆರೆ ಸೊನ್ನೆಯಿಂದ ಹೊರಡುತ್ತೆ.
ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದ ಹಾಗೆ,
ಸಲಕ್ಕೆ ನಾಲ್ಕು, ಸಲಕ್ಕೆ ನಾಲ್ಕು.
ಪಾಸಿನ ಗೆರೆ?
63ರಲ್ಲೇ ಮಟ್ಟಸ, ಅಡ್ಡಡ್ಡ.

ಎರಡೂ ಎಲ್ಲಿ ಸೇರುತ್ತವೆ?
ನಾಲ್ಕು ಎಕ್ಸ್ ಸಮ 63.
ಎಕ್ಸ್ ಅಂದ್ರೆ ಹದಿನೈದೂ ಮುಕ್ಕಾಲು.
ಇದು ಸಮೀಕರಣ. ಉತ್ತರ ಒಂದೇ ಬಿಂದು.

ಆದ್ರೆ ನಮಗೆ ಬೇಕಾದ್ದು, ನಾಲ್ಕು ಎಕ್ಸ್ 63ಕ್ಕಿಂತ ಹೆಚ್ಚು.
ಇದು ಅಸಮತೆ.
ಬಿಂದುವಿನ ಬಲಗಡೆ ಇರೋದೆಲ್ಲ ಉತ್ತರ!
16, 17, 18... ಎಲ್ಲದರಲ್ಲೂ ಪಾಸೇ ಲಾಭ.

2023ರ ಮೇ ತಿಂಗಳಲ್ಲಿ ಶುರುವಾದಾಗ ಪಾಸು 49 ಯೂರೋ.
ಇದೇ ಲೆಕ್ಕದಲ್ಲಿ ಆಗ 13 ಸಲ ಸಾಕಿತ್ತು.

ನಿಮ್ಮೂರಿನ ಬಿಡಿ ಟಿಕೆಟ್ ದರ ಹಾಕಿ,
ನೀವೇ ಗೆರೆ ಎಳೆದು ನೋಡಿ.