ಗಾಯ ಮಾಗಿದ ಮೇಲೆ ಓಟ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಮೈದಾನಗಳಲ್ಲಿ ನಸುಕಿನಲ್ಲೇ ಓಟದ ಅಭ್ಯಾಸ ಮಾಡುವ ತರುಣ ತರುಣಿಯರಲ್ಲಿ ಅನೇಕರ ಗುರಿ ಪೊಲೀಸ್ ಅಥವಾ ಸೈನ್ಯದ ನೇಮಕಾತಿ. ಪೊಲೀಸ್ ಪೇದೆಯ ಹುದ್ದೆಗೆ ಪುರುಷರು 1600 ಮೀಟರ್, ಸ್ತ್ರೀಯರು 400 ಮೀಟರ್ ದೂರವನ್ನು ಗೊತ್ತಾದ ಅವಧಿಯೊಳಗೆ ಕ್ರಮಿಸಬೇಕು. ಅಭ್ಯಾಸದ ಭರದಲ್ಲಿ ಕಣಕಾಲು ನೋಯತೊಡಗುತ್ತದೆ. ಎರಡು ಮೂರು ವಾರ ವಿಶ್ರಾಂತಿ ಪಡೆದ ಅಭ್ಯರ್ಥಿಯು, ನೋವು ಇಳಿದೊಡನೆ, ತಪ್ಪಿಹೋದ ಓಟವನ್ನೆಲ್ಲ ಬಡ್ಡಿಸಮೇತ ತೀರಿಸಲು ಹೊರಡುತ್ತಾನೆ. ಕೆಲವೇ ದಿನಗಳಲ್ಲಿ ನೋವು ಇಮ್ಮಡಿಯಾಗಿ ಮರಳಿದರೆ ಕಾಲಿನೊಡನೆ ಆ ವರ್ಷದ ಅವಕಾಶವೂ ಕೈತಪ್ಪುತ್ತದೆ. ಹೀಗಾಗುವುದೇಕೆ?

ದೇಹದ ಎಲ್ಲ ಅಂಗಗಳೂ ಒಂದೇ ವೇಗದಲ್ಲಿ ಬಲ ಗಳಿಸುವುದಿಲ್ಲ ಎಂಬುದೇ ಇದಕ್ಕೆ ಉತ್ತರ. 1984ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ, ಪಳಗಿದ ಕ್ರೀಡಾಪಟುಗಳು ಅಭ್ಯಾಸವನ್ನು ಪೂರ್ಣವಾಗಿ ನಿಲ್ಲಿಸಿದರೂ ಅವರ ದೇಹವು ಆಮ್ಲಜನಕವನ್ನು ಬಳಸುವ ಗರಿಷ್ಠ ಶಕ್ತಿಯು ಮೊದಲ 3 ವಾರಗಳಲ್ಲಿ ಶೇಕಡ 7ರಷ್ಟು ಮಾತ್ರ ಇಳಿಯಿತು. ಮತ್ತೆ ಓಡತೊಡಗಿದರೆ ಹೃದಯವೂ ರಕ್ತಪರಿಚಲನೆಯೂ ಬೇಗನೆ ಹಿಂದಿನ ಸ್ಥಿತಿಯ ಸಮೀಪಕ್ಕೆ ಬರುತ್ತವೆ. ಆದರೆ ಮಾಂಸಖಂಡಗಳನ್ನು ಎಲುಬಿಗೆ ಬಿಗಿಯುವ ಸ್ನಾಯುರಜ್ಜುಗಳಿಗೂ, ಎಲುಬಿಗೂ ತಿಂಗಳುಗಳೇ ಬೇಕು. ಉಸಿರು "ಓಡು" ಎನ್ನುವಾಗ ಎಲುಬು ಇನ್ನೂ "ತಾಳು" ಎನ್ನುತ್ತಿರುತ್ತದೆ. ಆದರೆ ಉಸಿರಿನ ಮಾತು ಮಾತ್ರ ನಮಗೆ ಕೇಳಿಸುತ್ತದೆ.

ಎಲುಬು ಜಡವಸ್ತುವಲ್ಲ, ನಿರಂತರವಾಗಿ ತನ್ನನ್ನು ತಾನು ದುರಸ್ತಿ ಮಾಡಿಕೊಳ್ಳುವ ಜೀವಂತ ಅಂಗ. ರಸ್ತೆಯ ದುರಸ್ತಿಯಲ್ಲಿ ಮೊದಲು ಅಗೆದು ಆಮೇಲೆ ತುಂಬುವಂತೆ, ಎಲುಬಿನಲ್ಲಿಯೂ ಒಂದು ಬಗೆಯ ಜೀವಕೋಶಗಳು ಸವೆದ ಭಾಗವನ್ನು ಕರಗಿಸುತ್ತವೆ, ಇನ್ನೊಂದು ಬಗೆಯವು ಹೊಸದನ್ನು ಕಟ್ಟುತ್ತವೆ. ಕರಗಿಸಲು ಕೆಲವು ವಾರಗಳು ಸಾಕು. ಕಟ್ಟಿ ಗಟ್ಟಿಮಾಡಲು ಮೂರು ತಿಂಗಳಿಗೂ ಹೆಚ್ಚು ಕಾಲ ಬೇಕು. ಈ ನಡುವಣ ಅವಧಿಯಲ್ಲಿ ಎಲುಬು ಎಂದಿಗಿಂತ ದುರ್ಬಲ. ಓಡುವಾಗ ಪ್ರತಿ ಹೆಜ್ಜೆಗೂ ದೇಹತೂಕದ ಎರಡರಿಂದ ಮೂರು ಪಟ್ಟು ಬಲ ಕಾಲಿನ ಮೇಲೆ ಬೀಳುತ್ತದೆ. 60 ಕಿಲೋಗ್ರಾಂ ತೂಕದವನ ಕಾಲು 120ರಿಂದ 180 ಕಿಲೋಗ್ರಾಂ ಭಾರವನ್ನು, ಒಂದೊಂದು ಕಿಲೋಮೀಟರಿಗೂ ನೂರಾರು ಸಲ, ಹೊರಬೇಕು. ಅಗೆದ ಹೊಂಡ ತುಂಬುವ ಮೊದಲೇ ಇಂಥ ಪೆಟ್ಟುಗಳು ಹೆಚ್ಚಿದರೆ ಕೂದಲೆಳೆಯಂಥ ಬಿರುಕು ಮೂಡುತ್ತದೆ.

ಇದು ಹೊಸ ವ್ಯಾಧಿಯೂ ಅಲ್ಲ. 1855ರಲ್ಲಿ ಪ್ರಷ್ಯದ ಸೈನ್ಯದ ವೈದ್ಯ ಬ್ರೈಟ್‌ಹೌಪ್ಟ್, ದೀರ್ಘ ನಡಿಗೆಯ ನಂತರ ಸೈನಿಕರ ಪಾದಗಳು ಊದಿ ನೋಯುವುದನ್ನು ವರ್ಣಿಸಿದನು. ಕಾರಣ ಎಲುಬಿನ ಬಿರುಕು ಎಂಬುದು ಕ್ಷಕಿರಣಗಳು ಬಳಕೆಗೆ ಬಂದ ಮೇಲೆ, 1897ರಲ್ಲಿ, ಕಣ್ಣಿಗೆ ಕಂಡಿತು.

ಹಾಗಾದರೆ ಮರಳಿ ಓಡುವ ಕ್ರಮವೇನು? ಎಲುಬಿನ ಒಂದೇ ಬಿಂದುವಿನಲ್ಲಿ ಒತ್ತಿದರೆ ನೋವಿದ್ದಲ್ಲಿ, ಇಲ್ಲವೆ ನಡೆದಾಡುವಾಗಲೂ ನೋವಿದ್ದಲ್ಲಿ, ಓಟದ ಮಾತೇ ಇಲ್ಲ. ಮೊದಲು ವೈದ್ಯರನ್ನು ಕಾಣಬೇಕು. ಅರ್ಧ ಗಂಟೆ ಬಿರುಸಾಗಿ ನಡೆದರೂ ನೋವಿಲ್ಲವೆಂದಾದ ಮೇಲೆ, ಒಂದು ನಿಮಿಷ ಮೆಲ್ಲನೆಯ ಓಟ, ಎರಡು ನಿಮಿಷ ನಡಿಗೆ—ಹೀಗೆ ದಿನ ಬಿಟ್ಟು ದಿನ ಆರಂಭಿಸಬಹುದು. ದೂರವನ್ನೂ ವೇಗವನ್ನೂ ಒಟ್ಟಿಗೆ ಏರಿಸಬಾರದು. ಮೊದಲು ದೂರ, ಆಮೇಲೆ ವೇಗ. ಮರುದಿನ ಬೆಳಿಗ್ಗೆ ನೋವು ಉಳಿದಿದ್ದರೆ ಹಿಂದಿನ ಮೆಟ್ಟಿಲಿಗೆ ಇಳಿಯಬೇಕು.

ವಾರಕ್ಕೆ ಶೇಕಡ 10ಕ್ಕಿಂತ ಹೆಚ್ಚು ಏರಿಸಬಾರದೆಂಬ ಸೂತ್ರವೊಂದು ಪ್ರಸಿದ್ಧವಾಗಿದೆ. ಆದರೆ 2008ರಲ್ಲಿ ನೆದರ್ಲೆಂಡಿನಲ್ಲಿ ಹೊಸ ಓಟಗಾರರ ಮೇಲೆ ಪರೀಕ್ಷಿಸಿದಾಗ, ಈ ಸೂತ್ರ ಪಾಲಿಸಿದವರಲ್ಲಿಯೂ ಪಾಲಿಸದವರಲ್ಲಿಯೂ ಐವರಲ್ಲಿ ಸುಮಾರು ಒಬ್ಬರಿಗೆ ಗಾಯವಾಯಿತು. ಐದು ಸಾವಿರಕ್ಕೂ ಹೆಚ್ಚು ಓಟಗಾರರನ್ನು ಗಮನಿಸಿ 2025ರಲ್ಲಿ ಪ್ರಕಟವಾದ ಅಧ್ಯಯನವು ಅಪಾಯದ ಮೂಲವನ್ನು ಬೇರೆಡೆ ತೋರಿಸಿತು: ಹಿಂದಿನ 30 ದಿನಗಳ ಅತಿ ದೀರ್ಘ ಓಟವನ್ನು ಶೇಕಡ 10ಕ್ಕಿಂತ ಹೆಚ್ಚಾಗಿ ಮೀರುವ ಒಂದೇ ದಿನದ ಸಾಹಸದಲ್ಲಿ. "ಇಂದು ಮೈ ಹಗುರಾಗಿದೆ, ಇನ್ನೆರಡು ಸುತ್ತು ಓಡಿಬಿಡೋಣ" ಎಂಬ ಆಸೆಯನ್ನು ತಡೆಯುವುದೇ ಇದರ ತಾತ್ಪರ್ಯ.

ನಮ್ಮ ಸೀಮೆಯ ನೆಲ, ಹವೆಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು. ಬೇಸಿಗೆಯಲ್ಲಿ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ಸಮೀಪಿಸುವ ಈ ಜಿಲ್ಲೆಯಲ್ಲಿ, ಬಿಸಿಲೇರಿದ ಮೇಲೆ ಅದೇ ವೇಗಕ್ಕೆ ಹೃದಯ ಹೆಚ್ಚು ದುಡಿಯಬೇಕಾಗುತ್ತದೆ. ಒಣಗಿ ಬಿರಿದ ಎರೆಭೂಮಿಯಲ್ಲಿ ಪಾದ ಹೊರಳುವ ಭಯವಿದೆ. ಸಮತಟ್ಟಾದ ಮಣ್ಣಿನ ಮೈದಾನ ಮೇಲು. ಆನೆಗೊಂದಿ ಬಳಿಯ ಅಂಜನಾದ್ರಿಯ 575 ಮೆಟ್ಟಿಲುಗಳನ್ನು ಓಡುತ್ತ ಇಳಿಯುವುದು ಚೇತರಿಸಿಕೊಳ್ಳುತ್ತಿರುವ ಕಾಲಿಗೆ ತಕ್ಕ ವ್ಯಾಯಾಮವಲ್ಲ. ಉಪವಾಸದಿಂದ ತೂಕ ಇಳಿಸುತ್ತ ಓಡುವುದೂ ಹಾನಿಕರ. ಎಲುಬು ಕಟ್ಟಲು ಸಾಮಗ್ರಿ ಬೇಕು. ಜೋಳದ ರೊಟ್ಟಿ, ಕಾಳುಪಲ್ಯ, ಶೇಂಗಾ, ಹಾಲು, ಮೊಸರು ಹೊಟ್ಟೆ ತುಂಬ ಸಲ್ಲಬೇಕು. ತರುಣಿಯರಲ್ಲಿ ಮುಟ್ಟು ತಪ್ಪತೊಡಗಿದರೆ ಅದು ಆಹಾರ ಸಾಲದೆಂಬುದರ ಗುರುತಾಗಿರಬಹುದು. ವೈದ್ಯರ ಸಲಹೆ ಅಗತ್ಯ.

ಅತಿಯಾದ ಅಭ್ಯಾಸವನ್ನು ದೇಹವೇ ಸೂಚಿಸುತ್ತದೆ. ಬೆಳಿಗ್ಗೆ ಎದ್ದೊಡನೆ ಎಣಿಸಿದ ನಾಡಿಬಡಿತ ದಿನವೂ ವಾಡಿಕೆಗಿಂತ ಹೆಚ್ಚಿರುವುದು, ನಿದ್ರೆ ಕೆಡುವುದು, ಸಿಡುಕು, ಶ್ರಮಿಸಿದಷ್ಟೂ ವೇಗ ತಗ್ಗುವುದು—ಇವು ಒಟ್ಟಾಗಿ ಕಂಡರೆ ಅಭ್ಯಾಸವನ್ನು ಹೆಚ್ಚಿಸುವುದಲ್ಲ, ಇಳಿಸುವುದು ವಿವೇಕ. ಪ್ರತಿದಿನದ ದೂರ, ನಾಡಿ, ನೋವುಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಈ ಸೂಚನೆಗಳು ತಾವಾಗಿ ತೋರುತ್ತವೆ.

ಕಣಕಾಲಿನ ನೋವನ್ನು ಆರಂಭದಲ್ಲೇ ಗಮನಿಸಿದರೆ ಕೆಲವು ವಾರಗಳ ಸಂಯಮ ಸಾಕಾಗಬಹುದು. ಬಿರುಕು ಬಿಟ್ಟ ಎಲುಬಿಗಾದರೋ ಸಾಮಾನ್ಯವಾಗಿ ಆರರಿಂದ ಎಂಟು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಬೇಕು. ನೇಮಕಾತಿಯ ದಿನ ಹತ್ತಿರವಿದ್ದವನು ಈ ಎರಡು ಲೆಕ್ಕಗಳನ್ನು ಹೋಲಿಸಿ ನೋಡಲಿ. ನಿಧಾನವಾಗಿ ಮರಳಿದವನೇ ಆ ದಿನ ಮೈದಾನದಲ್ಲಿ ನಿಲ್ಲುವ ಸಂಭವ ಹೆಚ್ಚು.