ಬೆರಳ ತುದಿಯ ಬೆಳಕು

ಹೆರಿಗೆಯಾಗಿ ತಾಸು ಕಳೆಯುವುದರೊಳಗೆ ಬಾಣಂತಿಯ ಕೈ ಮುಟ್ಟಿ ನೋಡಿ, "ಕೈಕಾಲು ತಣ್ಣಗಾಗ್ಯಾವ, ಜಲ್ದಿ ಸಿಸ್ಟರ್‌ನ ಕರೀರಿ" ಎನ್ನುವ ಹಿರಿಯರು ಯಾದಗಿರಿ ಬಳಿಯ ಬಳಿಚಕ್ರದ ಕಡೆ ಮನೆಮನೆಯಲ್ಲೂ ಇದ್ದಾರೆ. ಅವರ ಕೈಗೆ ಸಿಕ್ಕ ಸೂಚನೆ ನಿಜವಾದದ್ದು. ರಕ್ತ ಸೋರಿ ಹೋಗುತ್ತಿರುವಾಗ ದೇಹ ಚರ್ಮದ ಸಣ್ಣ ನಾಳಗಳನ್ನು ಬಿಗಿಹಿಡಿದು, ಉಳಿದದ್ದನ್ನು ಹೃದಯ, ಮಿದುಳುಗಳಿಗೆ ಕಳಿಸುತ್ತದೆ. ಈ ಬಿಗಿತ ಸಾಕಾಗುವವರೆಗೆ ಬಿ.ಪಿ. ಸರಿಯಾಗಿಯೇ ಕಾಣುತ್ತಿರುತ್ತದೆ. ವಯಸ್ಕರ ಮೈಯಲ್ಲಿರುವ ಸುಮಾರು 5 ಲೀಟರ್ ರಕ್ತದಲ್ಲಿ ಹತ್ತಿರ ಹತ್ತಿರ 30% ಹೋಗುವ ತನಕ ಮೇಲಿನ ಬಿ.ಪಿ. ಇಳಿಯದೇ ಇರಬಹುದು. ಚರ್ಮ ಮಾತ್ರ ಅದಕ್ಕೂ ಮೊದಲೇ ಸುಳಿವು ಕೊಡುತ್ತದೆ.

ಆ ಸುಳಿವನ್ನು ಬೆಳಕಿನಿಂದ ಓದಬಹುದು. ಕತ್ತಲಲ್ಲಿ ಮೊಬೈಲ್ ಟಾರ್ಚಿನ ಮೇಲೆ ಬೆರಳಿಟ್ಟರೆ ಉಗುರಿನ ಸುತ್ತ ಕೆಂಪು ಬೆಳಗುತ್ತದೆ. ಪ್ರತಿ ಮಿಡಿತಕ್ಕೂ ಬೆರಳಿಗೆ ಒಂದಿಷ್ಟು ರಕ್ತ ಹೆಚ್ಚಾಗಿ ಬರುತ್ತದೆ, ಅದು ಬೆಳಕನ್ನು ಹೀರುತ್ತದೆ, ಆಚೆ ಬರುವ ಬೆಳಕು ಆ ಕ್ಷಣಕ್ಕೆ ಒಂದು ಕೂದಲೆಳೆಯಷ್ಟು ಮಂಕಾಗುತ್ತದೆ. ಈ ಏರಿಳಿತವೇ ಆಸ್ಪತ್ರೆಯ ಯಂತ್ರದ ತೆರೆಯ ಮೇಲಿನ ಅಲೆ. 1930ರ ದಶಕದಲ್ಲೇ ಅಮೆರಿಕದ ಆಲ್ರಿಕ್ ಹರ್ಟ್ಸ್‌ಮನ್ ಚರ್ಮದ ರಕ್ತವನ್ನು ಹೀಗೆ ಅಳೆದಿದ್ದರು. 1970ರ ದಶಕದ ಮೊದಲಲ್ಲಿ ಜಪಾನಿನ ತಕುವೋ ಅವೋಯಾಗಿ ಬೇರೊಂದು ಅಳತೆಗೆ ಅಡ್ಡಿಯಾಗಿ ಕಾಡುತ್ತಿದ್ದ ಈ ಮಿಡಿತವನ್ನೇ ಹಿಡಿದು ಪಲ್ಸ್ ಆಕ್ಸಿಮೀಟರ್‌ಗೆ ದಾರಿ ತೆರೆದರು. ಕೋವಿಡ್ ಕಾಲದಲ್ಲಿ ಆಶಾ ಕಾರ್ಯಕರ್ತೆಯರ ಕೈಚೀಲ ಸೇರಿದ ಕ್ಲಿಪ್ ಅದೇ.

ಆಮ್ಲಜನಕದ ಅಂಕಿಯ ಪಕ್ಕದಲ್ಲಿ ಕೆಲವು ಯಂತ್ರಗಳು ‘ಪಿ.ಐ.’ ಎಂಬ ಇನ್ನೊಂದು ಅಂಕಿ ತೋರಿಸುತ್ತವೆ. ಮಿಡಿಯುವ ಬೆಳಕಿಗೂ ಮಿಡಿಯದೆ ನಿಂತ ಬೆಳಕಿಗೂ ಇರುವ ಅನುಪಾತ ಅದು. ಚರ್ಮದ ನಾಳಗಳು ಬಿಗಿದಂತೆ ಅದು ಇಳಿಯುತ್ತದೆ. ಅಲೆಯ ಎತ್ತರವನ್ನು ಕಣ್ಣಳತೆಯಲ್ಲಿ ನಂಬುವಂತಿಲ್ಲ, ಏಕೆಂದರೆ ಅನೇಕ ಯಂತ್ರಗಳು ಸಣ್ಣ ಅಲೆಯನ್ನೂ ತೆರೆ ತುಂಬುವಂತೆ ಹಿಗ್ಗಿಸಿ ತೋರಿಸುತ್ತವೆ. ಪಿ.ಐ. ಒಬ್ಬರಿಂದ ಒಬ್ಬರಿಗೆ ಬಹಳ ಬೇರೆ. ಹಾಗಾಗಿ ಒಂದೇ ಸಲ ನೋಡಿದ ಅಂಕಿಗೆ ಬೆಲೆಯಿಲ್ಲ. ಅದೇ ಹೆಂಗಸಿನ ಹೆರಿಗೆಗೆ ಮುಂಚಿನ ಅಂಕಿಯ ಜೊತೆ ಹೋಲಿಸಬೇಕು. ಚಳಿ, ನಡುಕ, ಉಗುರುಬಣ್ಣ, ದಟ್ಟ ಗೋರಂಟಿ ಎಲ್ಲವೂ ದಾರಿ ತಪ್ಪಿಸುತ್ತವೆ. ಕಪ್ಪು ಚರ್ಮದವರಲ್ಲಿ ಆಮ್ಲಜನಕದ ಕೊರತೆಯನ್ನು ಆಕ್ಸಿಮೀಟರ್ ಬಿಳಿಯರಿಗಿಂತ ಸುಮಾರು ಮೂರು ಪಟ್ಟು ಹೆಚ್ಚು ಸಲ ಗುರುತಿಸದೆ ಹೋಗುತ್ತದೆ ಎಂದು 2020ರಲ್ಲಿ ಅಮೆರಿಕದ ಅಧ್ಯಯನವೊಂದು ತೋರಿಸಿತು. ಬಿಸಿಲಲ್ಲಿ ದುಡಿಯುವ ನಮ್ಮ ಹೆಣ್ಣುಮಕ್ಕಳ ಚರ್ಮದ ಮೇಲೆ ಪರೀಕ್ಷಿಸದ ಯಂತ್ರವನ್ನು ಕಣ್ಣುಮುಚ್ಚಿ ಒಪ್ಪುವುದು ಸಲ್ಲ.

ಹಾಗೆಂದು ರಕ್ತ ಎಷ್ಟು ಹೋಯಿತೆಂಬ ಬರಿಗಣ್ಣಿನ ಅಂದಾಜೂ ಸಾಲದು. ಇದನ್ನು ಕಂಡುಕೊಂಡದ್ದು ನಮ್ಮ ಬೆಳಗಾವಿಯ ಜಿಲ್ಲಾ ಆಸ್ಪತ್ರೆಯಲ್ಲಿ. ಸೋರಿದ ರಕ್ತವನ್ನು ಗೆರೆ ಹಾಕಿದ ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದು ಅಳೆದಾಗ, ಕಣ್ಣಂದಾಜು ಸುಮಾರು ಮೂರನೇ ಒಂದು ಭಾಗ ಕಡಿಮೆ ಬಂದಿತ್ತು. 2006ರಲ್ಲಿ ಪ್ರಕಟವಾದ ಆ ಕೆಲಸದ ಚೀಲ ಇಂದಿಗೂ ಅಗ್ಗದ, ನಂಬಿಕೆಯ ಸಾಧನ. ಆದರೆ ಚೀಲ ಹೊರಗೆ ಬಂದ ರಕ್ತವನ್ನಷ್ಟೇ ಲೆಕ್ಕ ಹಾಕುತ್ತದೆ. ಒಳಗೇ ನಿಂತದ್ದರ ಸುಳಿವು ನಾಡಿ, ಚರ್ಮಗಳಲ್ಲಿ ಸಿಗುತ್ತದೆ. ಮೊದಲೇ ರಕ್ತಹೀನತೆಯಿದ್ದ ಬಾಣಂತಿಗೆ ಸ್ವಲ್ಪ ನಷ್ಟವೂ ದುಬಾರಿ. ಆದ್ದರಿಂದ ನಾಡಿ ಏರುತ್ತ, ಪಿ.ಐ. ಇಳಿಯುತ್ತ ಹೋದರೆ, ಬಿ.ಪಿ. ಬೀಳಲೆಂದು ಕಾಯದೆ ವೈದ್ಯರನ್ನು ಕರೆಯಬೇಕು. ಯಾದಗಿರಿಗೆ ಒಯ್ಯಲು 108ಕ್ಕೂ ಆಗಲೇ ಫೋನ್ ಹೋಗಬೇಕು.