ಪಿಎಚ್.ಡಿ. ಪ್ರವೇಶ ಮತ್ತು ಸಂಶೋಧನಾ ಹುದ್ದೆ: ರೈತ ಕುಟುಂಬಗಳು ತಿಳಿದಿರಬೇಕಾದ ಅಂಶಗಳು

ಕೃಷಿ ಇಂಜಿನಿಯರಿಂಗ್‌ನಲ್ಲಿ ಸ್ನಾತಕೋತ್ತರ ಪದವಿ ಪಡೆದ ಮಕ್ಕಳಿಗೆ ವಿಶ್ವವಿದ್ಯಾಲಯದಲ್ಲಿ ಸಂಶೋಧನಾ ಹುದ್ದೆ ದೊರೆತರೆ, ಅದನ್ನೇ ಪಿಎಚ್.ಡಿ. ಪ್ರವೇಶವೆಂದು ಭಾವಿಸುವುದುಂಟು. ಇವೆರಡೂ ಬೇರೆ ಬೇರೆ. ಈ ವ್ಯತ್ಯಾಸ ತಿಳಿಯದಿದ್ದರೆ ಅಮೂಲ್ಯ ವರ್ಷಗಳು ವ್ಯರ್ಥವಾಗಬಹುದು.

ಪಿಎಚ್.ಡಿ. ಪ್ರವೇಶ: ಕೃಷಿ ವಿಶ್ವವಿದ್ಯಾಲಯಗಳಲ್ಲಿ ಐಸಿಎಆರ್ ಪಾಲಿನ ಸ್ಥಾನಗಳಿಗೆ ಅಖಿಲ ಭಾರತ ಮಟ್ಟದ ಪ್ರವೇಶ ಪರೀಕ್ಷೆ ನಡೆಯುತ್ತದೆ. ಉಳಿದ ಸ್ಥಾನಗಳಿಗೆ ಆಯಾ ವಿಶ್ವವಿದ್ಯಾಲಯವೇ ಅಧಿಸೂಚನೆ ಹೊರಡಿಸುತ್ತದೆ. ಖರಗ್‌ಪುರದ ಐಐಟಿಯಲ್ಲಿ ಕೃಷಿ ಮತ್ತು ಆಹಾರ ಇಂಜಿನಿಯರಿಂಗ್ ವಿಭಾಗವಿದೆ. ಗೇಟ್ ಪರೀಕ್ಷೆಯಲ್ಲಿ ಕೃಷಿ ಇಂಜಿನಿಯರಿಂಗ್ ಪ್ರತ್ಯೇಕ ವಿಷಯವಾಗಿದ್ದು, ಅದರ ಅಂಕಗಳು 3 ವರ್ಷ ಮಾನ್ಯವಾಗಿರುತ್ತವೆ.

ಯೋಜನಾ ಹುದ್ದೆ: ಇದು ಧನಸಹಾಯ ಪಡೆದ ಯೋಜನೆಯೊಂದರ ತಾತ್ಕಾಲಿಕ ಹುದ್ದೆ. ಹೆಚ್ಚಾಗಿ ನೇರ ಸಂದರ್ಶನದ ಮೂಲಕ ಆಯ್ಕೆ ನಡೆಯುತ್ತದೆ. ಯೋಜನೆ ಮುಗಿದಾಗ ಹುದ್ದೆಯೂ ಮುಗಿಯುತ್ತದೆ. ಕೇಂದ್ರ ಸರ್ಕಾರದ ಯೋಜನೆಗಳಲ್ಲಿ ನೆಟ್ ಅಥವಾ ಗೇಟ್ ಅರ್ಹತೆಯುಳ್ಳ ಕಿರಿಯ ಸಂಶೋಧಕರ ಶಿಷ್ಯವೇತನವನ್ನು 2023ರ ಜನವರಿ 1ರಿಂದ ತಿಂಗಳಿಗೆ ರೂ. 37,000ಕ್ಕೆ ಹೆಚ್ಚಿಸಲಾಗಿದೆ.

ಸೇರುವ ಮುನ್ನ ಕೇಳಬೇಕಾದವು:
1. ಯೋಜನೆಯ ಅವಧಿ ಇನ್ನೆಷ್ಟು ಉಳಿದಿದೆ?
2. ಹುದ್ದೆಯಲ್ಲಿದ್ದುಕೊಂಡೇ ಪಿಎಚ್.ಡಿ.ಗೆ ನೋಂದಾಯಿಸಲು ಅವಕಾಶವಿದೆಯೇ? ಉತ್ತರವನ್ನು ಲಿಖಿತವಾಗಿ ಪಡೆಯಿರಿ.
3. ಮಾರ್ಗದರ್ಶಕರ ಬಳಿ ವಿದ್ಯಾರ್ಥಿ ಸ್ಥಾನ ಖಾಲಿ ಇದೆಯೇ?

ಅಧಿಸೂಚನೆಯಲ್ಲಿ ನಮೂದಿಸಿದ ಶುಲ್ಕದ ಹೊರತು ಯಾರಿಗೂ ಹಣ ನೀಡಬೇಡಿ. ಸೀಟು ಕೊಡಿಸುವೆನೆನ್ನುವ ಮಧ್ಯವರ್ತಿಯನ್ನು ನಂಬಿ ಜಮೀನು ಅಡವಿಡಬೇಡಿ. ವಿಸ್ತರಣಾ ಕಾರ್ಯಕರ್ತರು ಇಂತಹ ಅಧಿಸೂಚನೆಗಳನ್ನು ರೈತ ಸಂಪರ್ಕ ಕೇಂದ್ರದ ಫಲಕದಲ್ಲಿ ಪ್ರಕಟಿಸಿದರೆ ಗ್ರಾಮೀಣ ಪದವೀಧರರಿಗೆ ಸಕಾಲದಲ್ಲಿ ಮಾಹಿತಿ ತಲುಪುತ್ತದೆ.